ಖೀರು ಉಂಡು ಹೋದವರು

ಹನುಮಂತರಾಯರು ತೀರಿಕೊಂಡದ್ದು ಇನ್ನೊಬ್ಬರ ಪುಣ್ಯಾನುಮೋದನೆಯ ಊಟದಲ್ಲಿ. ಅವರ ಜೊತೆ ಕಾರ್ಖಾನೆಯಲ್ಲಿ ದುಡಿದಿದ್ದ ಬಸುವಿನ ತಾಯಿ ಹಿಂದಿನ ವಾರ ಸತ್ತಿದ್ದಳು. ಆಕೆಯ ಹೆಸರಿನಲ್ಲಿ ಬುದ್ಧವಂದನೆ, ಬಂದವರಿಗೆ ಊಟ. ಭಿಕ್ಕುಗಳು ಯಾರೂ ಸಿಗದ್ದರಿಂದ ರಾಯರೇ ಬಿಳಿ ಜುಬ್ಬಾ ತೊಟ್ಟು ಎಲ್ಲವನ್ನೂ ನಡೆಸಿಕೊಟ್ಟರು. ಮೈಕು ಹಿಡಿದು, ಹುಟ್ಟಿದ್ದೆಲ್ಲ ಅಳಿಯುತ್ತದೆ, ಅಂಟಿಕೊಂಡವನು ದುಃಖ ಪಡುತ್ತಾನೆ ಎಂದು ಅಡುಗೆಯವರು ಮೂರು ಸಲ ಬಂದು ಇಣುಕಿ ಹೋಗುವ ತನಕ ಹೇಳಿದರು. ಆಮೇಲೆ ಪಂಕ್ತಿಯಲ್ಲಿ ಕೂತು, ಖೀರನ್ನು ಎರಡನೆಯ ಸಲ ಹಾಕಿಸಿಕೊಂಡು, ಗೋಡಂಬಿ ಕಡಿಮೆ ಬಿದ್ದಿದೆಯೆಂದು ಬಸುವಿಗೆ ತಿಳಿಸಿ, ಪಕ್ಕದವನ ಹೆಗಲಿಗೆ ಒರಗಿದರು. ರಾಯರಿಗೆ ಮಂಪರು ಬಂದಿದೆ ಎಂದುಕೊಂಡ ಆತ ಹೆಗಲು ಅಲ್ಲಾಡಿಸದೆ ತನ್ನ ಊಟ ಮುಗಿಸಿದ.

ಮೊದಲು ಗೊತ್ತಾದದ್ದು ಹೆಂಗಸರ ಸಾಲಿನಲ್ಲಿ ಕೂತಿದ್ದ ವಿಶಾಲಾಕ್ಷಿಗೆ. ಗಂಡನ ಎಲೆಯಲ್ಲಿ ಖೀರು ಹಾಗೇ ಉಳಿದಿತ್ತು. ಖೀರು ಬಿಟ್ಟು ನಿದ್ದೆ ಮಾಡುವ ಮನುಷ್ಯ ಅವರಲ್ಲ ಎನ್ನುವಷ್ಟು ಸಂಸಾರವನ್ನು ಆಕೆ ಮಾಡಿದ್ದಳು. ಕೈ ತೊಳೆಯದೆ ಎದ್ದು ಬಂದು ಮೂಗಿನ ಹತ್ತಿರ ಬೆರಳು ಹಿಡಿದಳು. ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ ತಲೆಯಾಡಿಸಿದ ಮೇಲೆ ಬಸುವಿನ ಮನೆಯಲ್ಲಿ ದೊಡ್ಡ ಪೇಚಾಟ ಶುರುವಾಯಿತು. ಮೇಜಿನ ಮೇಲೆ ಬಸುವಿನ ತಾಯಿಯ ಫೋಟೋ ಹಾರ ಹಾಕಿಸಿಕೊಂಡು ನಿಂತಿತ್ತು, ಚಾಪೆಯ ಮೇಲೆ ರಾಯರು ಮಲಗಿದ್ದರು. ತಡವಾಗಿ ಬಂದವರು ಯಾವ ಕಡೆ ಕೈಮುಗಿಯಬೇಕೆಂದು ತಿಳಿಯದೆ ಎರಡೂ ಕಡೆ ಮುಗಿದರು. ಉಳಿದಿದ್ದ ಹೂವು, ಊದಿನಕಡ್ಡಿ ಎಲ್ಲ ಉಪಯೋಗಕ್ಕೆ ಬಂತು.

ಕಲಬುರಗಿ ಕಡೆಯಿಂದ ಬಂದು ರಕ್ಷಣಾ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿ ನಿವೃತ್ತರಾದ ಹನುಮಂತರಾಯರು ಹರೆಯದಲ್ಲೇ ಬೌದ್ಧರಾಗಿದ್ದರು. ಬೌದ್ಧನಿಗೆ ಹನುಮಂತನ ಹೆಸರೇ ಎಂದು ಯಾರಾದರೂ ಕೆಣಕಿದರೆ, ಹೆಸರು ಅಪ್ಪನ ತಪ್ಪು, ಧಮ್ಮ ನನ್ನ ಆಯ್ಕೆ ಎನ್ನುತ್ತಿದ್ದರು. ಮೆಹದಿಪಟ್ಟಣಂನಿಂದ ಮಿಯಾಪುರದ ತನಕ ಕನ್ನಡದ ಬೌದ್ಧರ ಮನೆಯಲ್ಲಿ ಯಾರು ಸತ್ತರೂ, ಯಾರು ಮದುವೆಯಾದರೂ ಅವರೇ ಬೇಕು. ಅದರಲ್ಲೂ ಸಾವು ಅವರ ಕೈಗುಣ ಎಂಬ ಮಾತಿತ್ತು. ಆಸ್ಪತ್ರೆಗೆ ಅವರು ನೋಡಲು ಬಂದರೆ ರೋಗಿಗಳು ದಡಬಡಿಸಿ ಎದ್ದು ಕೂತು, ತಾವು ಹುಷಾರಾಗಿದ್ದೇವೆಂದು ತೋರಿಸಲು ಬಾಳೆಹಣ್ಣು ಸುಲಿದು ತಿನ್ನುತ್ತಿದ್ದರು.

ಹೋದಲ್ಲೆಲ್ಲ ವಿಶಾಲಾಕ್ಷಿಯೂ ಇರಲೇಬೇಕು. ಮೇಣಬತ್ತಿ, ಬಿಳಿ ಬಟ್ಟೆ, ಸ್ಟೀಲಿನ ತಂಬಿಗೆ ತುಂಬಿದ ಚೀಲ ಹಿಡಿದು ಆಕೆ ಹಿಂದೆ. ರಾಯರು ಪಾಲಿ ಗಾಥೆ ಹೇಳುವಾಗ ಆಕೆ ದನಿಗೂಡಿಸಬೇಕು, ಆದರೆ ಜೋರಾಗಿ ಅಲ್ಲ. ಮಹಾಪ್ರಾಣಗಳೆಲ್ಲ ಆಕೆಯ ಬಾಯಲ್ಲಿ ಪ್ರಾಣ ಬಿಡುತ್ತವೆ ಎಂಬುದು ಅವರ ದೂರು.

ಹೋದ ವರ್ಷ ಒಂದು ಭಾನುವಾರ ಅವರು ತಮ್ಮದೇ ಅಂತ್ಯಕ್ರಿಯೆಯ ತಾಲೀಮು ಮಾಡಿಸಿದ್ದರು. ಮಿಯಾಪುರದಲ್ಲಿ ಕಾಲೇಜು ಪಾಠ ಮಾಡುವ ಮಗಳು ಸಂಯುಕ್ತಾಳನ್ನೂ ಕರೆಸಿ, ನಡುಮನೆಯಲ್ಲಿ ಚಾಪೆ ಹಾಸಿ ಮಲಗಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ಅಳುವಂತಿಲ್ಲ. ಗಡಿಗೆ ಒಡೆಯುವಂತಿಲ್ಲ. ಕಾಗೆಗೆ ಅನ್ನ ಇಡುವಂತಿಲ್ಲ. ವಿಶಾಲಾಕ್ಷಿ ಮೇಣಬತ್ತಿ ಹಚ್ಚಿ ಗಾಥೆ ಎತ್ತಿಕೊಂಡಳು. ಹೆಣ ಒಂದು ಕಣ್ಣು ತೆರೆದು, ಅದು 'ದಮ್ಮ' ಅಲ್ಲ 'ಧಮ್ಮ' ಎಂದಿತು. ಸತ್ತಾಗರ ಸುಮ್ಮನಿರ್ರಿ ಎಂದು ಆಕೆ ಮೇಣಬತ್ತಿ ಊದಿ ಅಡುಗೆಮನೆಗೆ ಹೋದಳು. ತಾಲೀಮು ಅಲ್ಲಿಗೆ ನಿಂತಿತು.

ಈಗ ನಿಜವಾಗಿ ಮಲಗಿದ್ದರು. ಮೆಹದಿಪಟ್ಟಣಂನ ಮನೆಯ ಅದೇ ನಡುಮನೆಯಲ್ಲಿ, ಬಾಡಿಗೆಗೆ ತಂದ ತಣ್ಣನೆಯ ಪೆಟ್ಟಿಗೆಯೊಳಗೆ. ಮಾರನೆಯ ಬೆಳಿಗ್ಗೆ ನಾಂಪಲ್ಲಿಗೆ ಬಂದ ರೈಲಿನಿಂದ ಇಳಿದು ರಾಯರ ಅಕ್ಕ ಶಿವದೇವಿ ಬಂದಳು. ಅವಳ ಚೀಲದಲ್ಲಿ ಒಂದು ಹೊಸ ಮಣ್ಣಿನ ಗಡಿಗೆ, ಅರಿಶಿನ, ಗುಡಿಯ ಭಂಡಾರದ ಪುಡಿ, ಊರಿನಿಂದ ಕಟ್ಟಿ ತಂದ ರೊಟ್ಟಿ. ತಮ್ಮನ ಬುದ್ಧನನ್ನು ಅವಳು ಎಂದೂ ಒಪ್ಪಿದವಳಲ್ಲ. ನಮ್ಮ ಅವ್ವ ಹರಕೆ ಹೊತ್ತು ಹಡೆದ ಹಣಮ್ಯಾ ಇವನು, ದೇವರೇ ಇಲ್ಲ ಅಂದರೆ ಇವನು ಎಲ್ಲಿಂದ ಬಂದ ಎಂಬ ಅವಳ ಪ್ರಶ್ನೆಗೆ ರಾಯರು ಕೊನೆಯತನಕ ಉತ್ತರ ಕೊಟ್ಟಿರಲಿಲ್ಲ.

ತಮ್ಮನ ಮುಖ ನೋಡಿ, ಗಾಜಿನ ಮೇಲೆ ಹಣೆಯಿಟ್ಟು ಮನಸಾರೆ ಅತ್ತಳು. ಅಳಬಾರದಂತೆ ಎಂದು ಯಾರೋ ಪಿಸುಗುಟ್ಟಿದ್ದಕ್ಕೆ, ಅಳುವುದಕ್ಕೂ ಅವನನ್ನ ಕೇಳಬೇಕೇನು ಎಂದು ಇನ್ನಷ್ಟು ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಎರಡು ಮನೆಯಾಚೆಯ ಹೆಂಗಸರನ್ನು ಕೂಡಿಸಿಕೊಂಡು, ವಿಶಾಲಾಕ್ಷಿಯನ್ನು ಬಚ್ಚಲ ಕಡೆ ನಡೆಸಿದಳು. ಒಂದು ಮಣೆ, ಒಂದು ಕಲ್ಲು ಅಲ್ಲಿ ಆಗಲೇ ಸಿದ್ಧವಾಗಿದ್ದವು.

"ಬಾ ವಿಶಾಲಿ, ಕೈ ಮುಂದ ಮಾಡು," ಎಂದಳು.

ಬೇರೆ ಮನೆಗಳಲ್ಲಿ ಕೆಲಸ ಇಲ್ಲಿಯವರೆಗೆ ಬಂದಾಗ ಹೊರಗಿನಿಂದ ರಾಯರ ಗುಡುಗು ಕೇಳುತ್ತಿತ್ತು. ಮುಂಜಾವಿನಿಂದ ಅನಿತ್ಯ, ಶಾಂತಿ ಎನ್ನುತ್ತಿದ್ದ ಮನುಷ್ಯ, ಬಳೆ ಒಡೆಯುವ ಸುದ್ದಿ ಕಿವಿಗೆ ಬಿದ್ದರೆ ಬಚ್ಚಲ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಮಿಯಾಪುರದ ಒಂದು ಮನೆಯಲ್ಲಿ ಸತ್ತವನ ತಾಯಿ ಅವರ ಕೆನ್ನೆಗೆ ಬಾರಿಸಿದ್ದಳು. ಕನ್ನಡಕ ಬಿದ್ದರೂ ಬಗ್ಗಿ ಎತ್ತಿಕೊಳ್ಳದೆ, ಕೈಕಟ್ಟಿ, ಮುದುಕಿ ಸೋತು ಕೂತುಕೊಳ್ಳುವ ತನಕ ಅಲ್ಲೇ ನಿಂತಿದ್ದರು. ಆ ಮನೆಯ ಸೊಸೆಯ ಬಳೆ ಉಳಿದವು. ಮನೆಗೆ ಬರುವಾಗ ಕನ್ನಡಕ ಒಡೆದದ್ದಕ್ಕೆ ವಿಶಾಲಾಕ್ಷಿ ಬೈದಿದ್ದಳು. ಅದನ್ನು ಬಿಟ್ಟು ಬೇರೆ ಏನು ಹೇಳಬೇಕೆಂದು ಆಕೆಗೆ ಅವತ್ತು ತೋಚಿರಲಿಲ್ಲ.

ಈಗ ಆಕೆ ಅಭ್ಯಾಸಬಲದಿಂದ ಗುಡುಗಿಗಾಗಿ ಕಾದಳು. ನಡುಮನೆಯಿಂದ ಪೆಟ್ಟಿಗೆಯ ಮೋಟರಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಶಿವದೇವಿ ಕಲ್ಲು ಎತ್ತಿಕೊಂಡಳು.

"ಮುಟ್ಟಬ್ಯಾಡ್ರಿ ಅಕ್ಕಾರ," ಎಂದಳು ವಿಶಾಲಾಕ್ಷಿ. "ಇವು ಲಾಡ್ ಬಜಾರದಾಗ ನಾನ ಆರಿಸಿ ತಂದ ಬಳಿ. ಅವರು ಕೊಡಿಸಿದ್ದಲ್ಲ."

"ಗಂಡ ಸತ್ತಾಕಿ ಬಳಿ ಹಾಕ್ಕೊಂಡು ಕುಂತ್ರ ಮಂದಿ ಏನಂದಾರು?"

"ಅವರು ಅಂದಾಗ ನೋಡೂಣು. ಮಂದಿಕಿಂತ ಮೊದಲ ನೀವ್ಯಾಕ ಅನ್ನಾಕತ್ತೀರಿ?"

ಶಿವದೇವಿಯ ಕೈಗಳು ಬೋಳಾಗಿ ಅರ್ಧ ಆಯುಷ್ಯವೇ ಕಳೆದಿತ್ತು. ಅವಳ ಸರದಿ ಬಂದಾಗ ತಮ್ಮ ಇನ್ನೂ ಚಿಕ್ಕವನು, ಗುಡುಗಲು ಯಾರೂ ಇರಲಿಲ್ಲ. ಅವಳು ತಮ್ಮನ ಹೆಂಡತಿಯ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಆಮೇಲೆ ಕಲ್ಲನ್ನು ಮೂಲೆಗೆ ಒತ್ತಿ, ಹಸಿರು ನಿನಗ ಒಪ್ಪಂಗಿಲ್ಲ, ಕೆಂಪು ತರಬೇಕಿತ್ತು ಎಂದು ಹೇಳಿ ಹೊರಗೆ ಬಂದಳು.

ಅಸಲು ತೊಂದರೆ ಎದ್ದದ್ದು ಸ್ಮಶಾನದಲ್ಲಿ. ಊರಿನವರ ಸಾವನ್ನೆಲ್ಲ ನಡೆಸಿಕೊಡುತ್ತಿದ್ದವರು ರಾಯರೊಬ್ಬರೇ. ಅವರದನ್ನು ನಡೆಸಿಕೊಡುವವರು ಯಾರೆಂದು ಯಾರೂ ಯೋಚಿಸಿರಲಿಲ್ಲ. ಸಂಯುಕ್ತಾ ಫೋನು ಮಾಡಿ ಮಾಡಿ ಒಬ್ಬ ತರುಣ ಭಿಕ್ಕುವನ್ನು ಹಿಡಿದಿದ್ದಳು. ದಾರಿಯಲ್ಲಿದ್ದೇನೆ ಎಂದು ಅವರು ಹೇಳಿ ಬಹಳ ಹೊತ್ತಾಗಿತ್ತು. ವಿದ್ಯುತ್ ಒಲೆಯ ಮನುಷ್ಯ ಎರಡು ಸಲ ಬಂದು, ಹಿಂದೆ ಇನ್ನೊಂದು ಹೆಣ ಕಾಯುತ್ತಿದೆ, ಬೇಗ ಮುಗಿಸಿ ಎಂದು ತೆಲುಗಿನಲ್ಲಿ ಗದರಿ ಹೋದ.

ಕೊನೆಗೆ ಬಸು ಮುಂದೆ ಬಂದ. ತ್ರಿಸರಣವನ್ನು ಚೆನ್ನಾಗಿಯೇ ಹೇಳಿಸಿದ. ಪಂಚಶೀಲದಲ್ಲಿ ನಾಲ್ಕು ದಾಟಿ, ಮದ್ಯ ಬಿಡುವ ಐದನೆಯದನ್ನು ಎಂದಿನಂತೆ ಕೆಮ್ಮಿನಲ್ಲಿ ನುಂಗಿದ. ಅಲ್ಲಿಗೆ ಅವನ ಪಾಲಿ ಮುಗಿಯಿತು. ಮುಂದಿನದು ಸಾವಿನ ಗಾಥೆ, ಎಲ್ಲ ಸಂಸ್ಕಾರಗಳೂ ಅನಿತ್ಯ ಎನ್ನುವುದು. ಬಸು ವಿಶಾಲಾಕ್ಷಿಯ ಕಡೆ ತಿರುಗಿದ. "ವೈನಿ, ನೀವ ಹೇಳ್ರಿ. ಇಷ್ಟು ವರ್ಷ ಅಣ್ಣಾರ ಜೊತಿ ಹೇಳೀರಿ," ಎಂದ.

ವಿಶಾಲಾಕ್ಷಿ ಕಣ್ಣು ಮುಚ್ಚಿದಳು. ನಾಲಿಗೆಗೆ ಏನು ಬಂತೋ ಅದನ್ನು ಹಿಡಿದು ಹೊರಟಳು. ಜೋರಾಗಿ ಹೇಳಬೇಡ ಎನ್ನುವವರು ಇಲ್ಲದ್ದರಿಂದ ದನಿ ತಾನಾಗಿ ಏರಿತು. ಎರಡನೆಯ ಚರಣಕ್ಕೆ ಬಂದಾಗ ತಲೆಯ ಮೇಲೆ ಏನೋ ಬಿದ್ದಂತಾಗಿ ಕಣ್ಣು ತೆರೆದರೆ, ಸುತ್ತ ನಿಂತವರು ರಾಯರ ಮೇಲೂ ತನ್ನ ಮೇಲೂ ಹೂವಿನ ಎಸಳು ತೂರುತ್ತಿದ್ದಾರೆ. ಆಗ ಆಕೆಗೆ ಹೊಳೆಯಿತು. ತಾನು ಹೇಳುತ್ತಿದ್ದದ್ದು ಮದುವೆಯ ಗಾಥೆ. ವಧೂವರರಿಗೆ ಜಯವಾಗಲಿ, ಮಂಗಳವಾಗಲಿ ಎನ್ನುವುದು. ಅದರ ರಾಗ ಕಿವಿಗೆ ಬಿದ್ದ ಕೂಡಲೇ ಜನರ ಕೈ ತಂತಾನೇ ಹೂವಿನ ಬುಟ್ಟಿಗೆ ಹೋಗಿತ್ತು.

ನಿಲ್ಲಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ, ಮುಂದುವರಿಸಿದರೆ ಕೆಲವರಿಗಷ್ಟೇ ಗೊತ್ತಾಗುತ್ತದೆ. ಆಕೆ ಮುಂದುವರಿಸಿದಳು. ಪಕ್ಕದಲ್ಲಿ ಸಂಯುಕ್ತಾ ಸೆರಗಿನಲ್ಲಿ ಮುಖ ಹುದುಗಿಸಿ ಅಲುಗುತ್ತಿದ್ದಳು. ಪಾಪ, ಅಪ್ಪನನ್ನು ನೆನೆದು ಅಳುತ್ತಿದೆ ಎಂದು ಹತ್ತಿರದವರು ಬೆನ್ನು ಸವರಿದರು. ತಾಯಿಗೆ ಮಗಳ ನಗು ಗೊತ್ತಿತ್ತು. ಗಾಥೆ ಮುಗಿದಾಗ ಸಾಧು ಸಾಧು ಎನ್ನುವ ಬದಲು ಹಿಂದಿನ ಸಾಲಿನ ಇಬ್ಬರು ಮೂವರು ಚಪ್ಪಾಳೆ ತಟ್ಟಿ, ಆಮೇಲೆ ಕೈ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಕಿಸೆಗೆ ಹಾಕಿದರು.

ಅಷ್ಟರಲ್ಲಿ ಗೇಟಿನೊಳಗೆ ಬಾಡಿಗೆ ಬೈಕೊಂದು ನುಗ್ಗಿತು. ಹಿಂದಿನ ಸೀಟಿನಲ್ಲಿ ಕಾವಿ ಚೀವರವನ್ನು ಮೊಣಕಾಲ ತನಕ ಮಡಚಿಕೊಂಡು, ಬೋಳುತಲೆಗೆ ದೊಡ್ಡ ಹೆಲ್ಮೆಟ್ ಹಾಕಿಕೊಂಡ ಭಿಕ್ಕು. ಜಹೀರಾಬಾದ್ ಕಡೆಯ ಹುಡುಗ. ತೆಲುಗಿನಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತಿತ್ತು. ಅವರು ತಪ್ಪಿ ಬೇರೊಂದು ಸ್ಮಶಾನಕ್ಕೆ ಹೋಗಿದ್ದರಂತೆ. ಅಲ್ಲಿ ಸಿದ್ಧವಾಗಿದ್ದ ಹೆಣದ ಮುಂದೆ ಕೂತು ಅರ್ಧ ಗಾಥೆ ಹೇಳಿಯೂ ಆಗಿತ್ತು. ಯಾರೋ ಸಾಧುಗಳು ತಾವಾಗಿ ಬಂದಿದ್ದಾರೆ ಎಂದು ಆ ಮನೆಯವರು ಕೈಮುಗಿದು ಕೂತಿದ್ದರು. ಸತ್ತವರ ಹೆಸರು ಹೇಳುವ ಹಂತಕ್ಕೆ ಬಂದಾಗ, ಅದು ಹನುಮಂತರಾಯರಲ್ಲ, ಒಬ್ಬ ಕಬ್ಬಿಣದ ವ್ಯಾಪಾರಿ ಎಂದು ಗೊತ್ತಾಯಿತು. ಅವರಿಗೂ ಪುಣ್ಯ ಬರಲಿ ಬಿಡಿ ಎಂದು ಮುಗಿಸಿಯೇ ಎದ್ದು ಬಂದಿದ್ದರು.

ಭಿಕ್ಕು ವಿಶಾಲಾಕ್ಷಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ಅಮ್ಮಾ, ಗೇಟಿನಲ್ಲಿ ಕೇಳಿಸಿತು, ಅದು ಮದುವೆಯದಲ್ಲವೇ ಎಂದರು.

"ಹೌದ್ರಿ ಭಂತೇಜಿ," ಎಂದಳು ವಿಶಾಲಾಕ್ಷಿ. "ನಮ್ಮ ಮದುವಿಯೊಳಗ ಯಾರೂ ಏನೂ ಹೇಳಿದ್ದಿಲ್ಲ. ನಮ್ಮ ಕೇರಿಗೆ ಅಯ್ಯನವರು ಬರತಿದ್ದಿಲ್ಲ, ಹಲಗಿ ಬಡದು ಮುಗಿಸಿದ್ರು. ಈಗ ಹೇಳಿದಂಗಾತು."

ಭಿಕ್ಕು ಹೆಲ್ಮೆಟ್ಟನ್ನು ಬೈಕಿನವನಿಗೆ ಕೊಟ್ಟು ಬಂದು ಕೂತರು. ರಾಯರ ಮೇಲೆ ಹೊದಿಸಿದ್ದ ಬಿಳಿ ಬಟ್ಟೆಯನ್ನು ದಾನವಾಗಿ ತೆಗೆದುಕೊಂಡರು. ಸರಿಯಾದ ಗಾಥೆ ಹೇಳಿದರು. ತಾಯಿ, ಮಗಳು, ಅಕ್ಕ ಮೂವರೂ ಕೂಡಿ ತಂಬಿಗೆ ಹಿಡಿದು ಬಟ್ಟಲಿಗೆ ನೀರು ಸುರಿಯಬೇಕು, ಬಟ್ಟಲು ತುಂಬಿ ಹೊರಚೆಲ್ಲಬೇಕು. ತಾವು ಮಾಡಿದ ಒಳ್ಳೆಯದು ಹಾಗೆ ಹರಿದು ಹೋದವರಿಗೆ ಸೇರಲಿ ಎಂದು. ಶಿವದೇವಿ, ಹೊಸ ಗಡಿಗೆ ತಂದೀನಿ, ಅದರಿಂದಲೇ ಸುರಿಯೋಣ ಎಂದಳು. ಭಿಕ್ಕು ಒಪ್ಪಿದರು. ನೀರು ಚೆಲ್ಲಿ ಮೂವರ ಕಾಲೂ ತೊಯ್ದವು. ಒಲೆಯ ಬಾಗಿಲು ಮುಚ್ಚಿತು. ಗಡಿಗೆ ಒಡೆಯಲಿಲ್ಲವೆಂದು ಶಿವದೇವಿ ಬರುವಾಗ ಆಟೋದಲ್ಲಿ ಗೊಣಗಿದಳು, ಆದರೆ ಅದನ್ನು ಮಡಿಲಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು.

ಆ ವಾರವೆಲ್ಲ ರಾಯರು ಈಗ ಎಲ್ಲಿದ್ದಾರೆ ಎಂಬುದೇ ಮಾತು. ಬಸು ಬಂದು, ಆತ್ಮವೇ ಇಲ್ಲವೆಂದ ಮೇಲೆ ಹೋಗುವವರು ಯಾರು, ಬರುವವರು ಯಾರು ಎಂದು ರಾಯರ ಮಾತನ್ನೇ ರಾಯರ ಕುರ್ಚಿಯಲ್ಲಿ ಕೂತು ಹೇಳಿ ಚಹಾ ಕುಡಿದು ಹೋದ. ಸಂಯುಕ್ತಾಳ ಪ್ರಕಾರ ಹೃದಯ ನಿಂತಲ್ಲಿಗೆ ಎಲ್ಲವೂ ನಿಂತಿತು. ಶಿವದೇವಿಗೆ ಮಾತ್ರ ತಮ್ಮ ಹಸಿದು ಮನೆಯ ಸುತ್ತಲೇ ಇದ್ದಾನೆ. ಉಣ್ಣುತ್ತಾ ಇದ್ದಾಗ ಹೋದವನು, ಎಲೆಯಲ್ಲಿ ಖೀರು ಬಿಟ್ಟವನು, ಹಸಿಯದೆ ಇರುತ್ತಾನೆಯೇ? ಅವಳು ಕದ್ದು ಮಾಳಿಗೆಗೆ ಹೋಗಿ ದಿನಾಲೂ ಅನ್ನ ಇಟ್ಟು ಕಾಗೆಯ ದಾರಿ ಕಾದಳು. ಮೆಹದಿಪಟ್ಟಣಂನ ಆ ಬೀದಿಯಲ್ಲಿ ಒಂದು ಕಾಗೆಯೂ ಇರಲಿಲ್ಲ. ಬಂದದ್ದೆಲ್ಲ ಪಾರಿವಾಳ. ಅನ್ನ ತಿಂದು, ನೀರಿನ ಟಾಕಿಯ ಮೇಲೆ ಹೇತು, ಗುಟುರು ಹಾಕಿ ಹೋದವು. ಅವುಗಳಲ್ಲಿ ದಪ್ಪನೆಯದೊಂದು ಉಳಿದವನ್ನೆಲ್ಲ ಹಿಂದೆ ಸರಿಸಿ, ಎದೆ ಮುಂದೆ ಮಾಡಿ, ಬಿಡುವಿಲ್ಲದೆ ಗುಟುರು ಹಾಕುತ್ತಿತ್ತು. ಶಿವದೇವಿ ಕೆಳಗಿಳಿದು ಬಂದು, ಇದ್ದರೂ ಇರಬಹುದು ಎಂದು ವಿಶಾಲಾಕ್ಷಿಯ ಕಿವಿಯಲ್ಲಿ ಹೇಳಿದಳು.

ಏಳನೆಯ ದಿನ ಭಿಕ್ಕುವಿಗೆ ಮನೆಯಲ್ಲಿ ಭೋಜನದಾನ. ಮಧ್ಯಾಹ್ನ ಹನ್ನೆರಡು ದಾಟಿದರೆ ಅವರು ಉಣ್ಣುವಂತಿಲ್ಲ. ವಿಶಾಲಾಕ್ಷಿ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ, ಎಣ್ಣೆಗಾಯಿ, ಖೀರು ಮಾಡಿದಳು. ಗೋಡಂಬಿಯನ್ನು ಧಾರಾಳವಾಗಿಯೇ ಹಾಕಿದಳು. ಭಿಕ್ಕು ನೆಲದ ಮೇಲೆ ಕೂತು ತಲೆಯೆತ್ತದೆ ಉಂಡರು. ಕೈ ತೊಳೆದು ಅನುಮೋದನೆಯ ಗಾಥೆ ಹೇಳಿದ ಮೇಲೆ ವಿಶಾಲಾಕ್ಷಿ, ಒಂದು ಮಾತು ಕೇಳಬೇಕಿತ್ತು ಎಂದಳು.

ಗಂಡ ಹೆಂಡತಿಯ ನಂಟು ಏಳು ಜನ್ಮ ಇರುತ್ತದೆ ಎಂದು ತವರಿನಲ್ಲಿ ಹೇಳುತ್ತಿದ್ದರು, ಆತ್ಮವೇ ಇಲ್ಲ ಎಂದು ಇವರು ಹೇಳುತ್ತಿದ್ದರು, ಆದರೆ ಮತ್ತೆ ಹುಟ್ಟುವುದುಂಟು ಎಂದೂ ಹೇಳುತ್ತಿದ್ದರು. ಇದರಲ್ಲಿ ಯಾವುದು ಖರೆ? ಇವರು ಮತ್ತೆ ತನಗೇ ಗಂಟು ಬೀಳುತ್ತಾರೋ?

ಭಿಕ್ಕು, ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದರೆ ಎಂದು ಶುರು ಮಾಡಿದರು.

"ಅದು ಗೊತ್ತೈತ್ರಿ," ಎಂದಳು ವಿಶಾಲಾಕ್ಷಿ. "ಆ ಮಾತು ಹೇಳುವಾಗ ಮೇಣಬತ್ತಿ ಹಿಡಕೊಂಡು ನಿಂದರತಿದ್ದಾಕಿ ನಾನ. ಕೈಮ್ಯಾಲೆ ಮೇಣ ಬಿದ್ದು ಬಿದ್ದು ಕಲಿ ಆಗ್ಯಾವ. ನನಗ ಇವರದು ಹೇಳ್ರಿ."

ಭಿಕ್ಕು ದೀಪವನ್ನು ಅಲ್ಲಿಗೇ ಬಿಟ್ಟು, ನಿಮಗೆ ಏನು ಬೇಕಮ್ಮಾ, ಅವರು ಬರಬೇಕೋ ಬೇಡವೋ ಎಂದು ಕೇಳಿದರು.

ಇದನ್ನು ಆಕೆಯನ್ನು ಯಾರೂ ಕೇಳಿರಲಿಲ್ಲ. ಮೊದಲನೆಯ ಸಲವೂ ಕೇಳಿರಲಿಲ್ಲ. ವಿಶಾಲಾಕ್ಷಿ ಗೋಡೆಯ ಮೇಲಿನ ಫೋಟೋ ನೋಡಿದಳು. ಬಾಯಿ ಮುಚ್ಚಿಕೊಂಡಿದ್ದ ಫೋಟೋ ಅದೊಂದೇ. ಸಂಯುಕ್ತಾ ಹುಡುಕಿ ಹುಡುಕಿ ಇಟ್ಟಿದ್ದಳು. ಮಿಯಾಪುರದಲ್ಲಿ ಕನ್ನಡಕವಿಲ್ಲದೆ ಕೈಕಟ್ಟಿ ನಿಂತಿದ್ದ ಮುಖವೂ ನೆನಪಾಯಿತು. ಆವತ್ತು ಬೈಯುವ ಬದಲು ಬೇರೇನಾದರೂ ಹೇಳಬಹುದಿತ್ತು. ಹಾಗೆಂದು ಬರಲಿ ಎಂದುಬಿಟ್ಟರೆ, ಮತ್ತೆ ಅಷ್ಟೂ ವರ್ಷ ಧಮ್ಮದ ಮಹಾಪ್ರಾಣ.

"ಮುಂದಿನ ಸಲ ಬ್ಯಾಡ್ರಿ," ಎಂದಳು ಕೊನೆಗೆ. "ಒಂದು ಜನ್ಮ ನಾ ಒಬ್ಬಾಕಿನ ಇರತೀನಿ. ಅದರ ಮುಂದಿನದಕ್ಕ ಬರಲಿ, ನೋಡೂಣು."

ಭಿಕ್ಕು ನಕ್ಕರು. ಭಿಕ್ಕುಗಳು ಹಾಗೆ ನಗಬಹುದೋ ಇಲ್ಲವೋ ತಿಳಿಯದೆ ಶಿವದೇವಿ ಬಾಗಿಲ ಹಿಂದೆ ಸರಿದಳು. ನಕ್ಕು ಸುಧಾರಿಸಿಕೊಂಡ ಮೇಲೆ ಅವರು, ಬರುತ್ತಾರೋ ಇಲ್ಲವೋ ನಿಜವಾಗಿ ತನಗೆ ಗೊತ್ತಿಲ್ಲ, ಗೊತ್ತಿದೆ ಎಂದರೆ ಸುಳ್ಳಾಗುತ್ತದೆ ಎಂದರು. ಇನ್ನೂ ಸ್ವಲ್ಪ ಖೀರಿದ್ದರೆ ಕಟ್ಟಿಕೊಡಿ ಎನ್ನುವಂತಿಲ್ಲ, ಹೊತ್ತು ಮೀರಿತು ಎಂದು ಪಾತ್ರೆಯ ಕಡೆ ಒಮ್ಮೆ ನೋಡಿ ಎದ್ದರು.

ಅದೇ ಸಂಜೆಯ ರೈಲಿಗೆ ಶಿವದೇವಿ ಹೊರಟಳು. ವಿಧವೆ ಇಷ್ಟು ಬೇಗ ಹೊಸ್ತಿಲು ದಾಟಬಾರದು ಎಂದು ವಾರದಿಂದ ಹೇಳುತ್ತಿದ್ದವಳು, ಬಿಟ್ಟುಬರಲು ನಾನೇ ಬರುತ್ತೇನೆ ಎಂದು ವಿಶಾಲಾಕ್ಷಿ ಚಪ್ಪಲಿ ಮೆಟ್ಟಿದಾಗ ತನ್ನ ಚೀಲ ಎತ್ತಿಕೊಂಡು ಮುಂದೆ ನಡೆದಳು. ನಾಂಪಲ್ಲಿ ತಲುಪಿದಾಗ ರೈಲಿಗೆ ಇನ್ನೂ ಸಮಯವಿತ್ತು. ರಸ್ತೆಯ ಆಚೆಯಿಂದ ಹಾಡು, ಪೀಪಿ, ಜನರ ಗದ್ದಲ. ಜನವರಿಯ ವಸ್ತುಪ್ರದರ್ಶನ, ನುಮಾಯಿಶ್, ನಡೆದಿತ್ತು. ಕಟ್ಟಡಗಳ ಮೇಲೆ ದೊಡ್ಡ ತಿರುಗುತೊಟ್ಟಿಲ ಬಣ್ಣದ ದೀಪಗಳು ಕಾಣುತ್ತಿದ್ದವು.

"ವರ್ಷಾ ವರ್ಷಾ ತೋರಸ್ತೀನಿ ಅಂತಿದ್ದ," ಎಂದಳು ಶಿವದೇವಿ. "ಬಂದ ಮ್ಯಾಲ, ಆಸೆಯೇ ದುಃಖಕ್ಕ ಮೂಲ ಅಂತ ಹೇಳಿ ರೈಲಿಗೆ ಹತ್ತಸ್ತಿದ್ದ."

ವಿಶಾಲಾಕ್ಷಿ ಅವಳ ಚೀಲ ಇಸಿದುಕೊಂಡು ರಸ್ತೆ ದಾಟಿದಳು.

ಮೊದಲು ಮೆಣಸಿನಕಾಯಿ ಬಜ್ಜಿ ತಿಂದರು. ಖಾರಕ್ಕೆ ಶಿವದೇವಿಯ ಮೂಗು ಸೋರಿತು. ಒರೆಸಿಕೊಂಡು ಇನ್ನೊಂದು ತಿಂದಳು. ಆಮೇಲೆ ತೊಟ್ಟಿಲ ಸಾಲಿನಲ್ಲಿ ನಿಂತರು. ಇಬ್ಬರು ಮುದುಕಿಯರನ್ನು ಹತ್ತಿಸಿಕೊಳ್ಳಲು ಅಲ್ಲಿಯವನು ಅನುಮಾನಿಸಿದ. ನನ್ನ ಗಂಡ ಸತ್ತು ವಾರ ಆಯಿತು, ಈಗ ನನಗೆ ಇನ್ನೇನಾಗಬೇಕು ಎಂದು ವಿಶಾಲಾಕ್ಷಿ ಹಿಂದಿಯಲ್ಲಿ ಹೇಳಿದ್ದು ಕೇಳಿ ಬೆದರಿ ಸರಳು ತೆಗೆದ.

ಜನ ತುಂಬಿಸಿಕೊಳ್ಳುವುದಕ್ಕಾಗಿ ತೊಟ್ಟಿಲು ನಿಂತು ನಿಂತು ಏರಿತು. ಇವರದು ಎಲ್ಲಕ್ಕಿಂತ ಮೇಲೆ ಬಂದಾಗ ಸುಮಾರು ಹೊತ್ತು ಅಲ್ಲೇ ನಿಂತಿತು. ಕೆಳಗೆ ಊರಿಗೆ ಊರೇ ದೀಪ ಹಚ್ಚಿಕೊಂಡು ಹರಡಿತ್ತು. ಗಾಳಿಗೆ ತೊಟ್ಟಿಲು ತೂಗಿದಾಗ ಶಿವದೇವಿ ವಿಶಾಲಾಕ್ಷಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಎಲ್ಲಿ ಅದಾನ ಅನ್ನಸ್ತೈತಿ ನಿನಗ?" ಎಂದು ಕೇಳಿದಳು.

"ಗೊತ್ತಿಲ್ರಿ ಅಕ್ಕಾರ. ಎಲ್ಲಿದ್ರೂ ಮಾತಾಡಾಕತ್ತಿರತಾರ."

ಶಿವದೇವಿಗೆ ನಗು ಬಂತು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. ಅವಳನ್ನು ನೋಡಿ, ವಾರದಿಂದ ಒಣಗಿದ್ದ ವಿಶಾಲಾಕ್ಷಿಯ ಕಣ್ಣಲ್ಲೂ ನೀರು ತುಂಬಿ ಬಂತು. ಅಷ್ಟು ಎತ್ತರದಲ್ಲಿ ತಡೆಯುವವರೂ ಇರಲಿಲ್ಲ, ಸಂತೈಸುವವರೂ ಇರಲಿಲ್ಲ. ಇಬ್ಬರೂ ಬೇಕಾದಷ್ಟು ಅತ್ತರು. ಆಮೇಲೆ ತೊಟ್ಟಿಲು ಜೋರಾಗಿ ತಿರುಗತೊಡಗಿತು, ಅಳು ನಿಲ್ಲಿಸಿ ಇಬ್ಬರೂ ಸರಳು ಹಿಡಿದುಕೊಂಡರು.

ಇಳಿದು ನೆಲ ಹಿಡಿದು ನಿಲ್ಲುವ ಹೊತ್ತಿಗೆ ನಿಲ್ದಾಣದ ಕಡೆಯಿಂದ ರೈಲು ಕೂಗಿಕೊಂಡು ಹೋದದ್ದು ಕೇಳಿಸಿತು. ನಾಳೆಯೂ ರೈಲಿದೆ ಎಂದಳು ವಿಶಾಲಾಕ್ಷಿ. ನಾಳೆಯದಕ್ಕೂ ಅವಸರವೇನಿಲ್ಲ ಎಂದಳು ಶಿವದೇವಿ. ಮನೆಯಲ್ಲಿ ಸಂಯುಕ್ತಾ ಒಬ್ಬಳೇ ಇದ್ದಾಳೆಂದು ಅವಳಿಗೂ ನಾಲ್ಕು ಬಜ್ಜಿ ಕಟ್ಟಿಸಿಕೊಂಡು, ಚೀಲವನ್ನು ಇಬ್ಬರೂ ಒಂದೊಂದು ಹಿಡಿಕೆ ಹಿಡಿದು, ಮೆಹದಿಪಟ್ಟಣಂ ಬಸ್ಸಿಗಾಗಿ ನಿಂತರು.